ಪ್ರತಿಕ್ರಿಯೆ: ದೇವರ ಮೇಲೆ ಸಿಟ್ಟು ಬಂದರೆ ಅದು ಅವಿಶ್ವಾಸವೇ?

ಸಹೋದರಿಯವರೇ, ಪತಿ ಹಾಸಿಗೆ ಹಿಡಿದ ಮೇಲೆ ಜಪಸರ ಕೈಗೆತ್ತಿಕೊಂಡರೆ ಸಿಟ್ಟೇ ಉಕ್ಕುತ್ತದೆ, ಇದು ಪಾಪವೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ.

ಬೈಬಲಿನ 150 ಕೀರ್ತನೆಗಳಲ್ಲಿ ಗೋಳಾಟದ ಕೀರ್ತನೆಗಳೇ ದೊಡ್ಡ ಪಾಲು. ಹದಿಮೂರನೆಯದು ಆರೇ ವಚನಗಳದ್ದು. ಅದರ ಮೊದಲೆರಡು ವಚನಗಳಲ್ಲೇ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಂಬತ್ತೆಂಟನೆಯದಂತೂ ಸಾಂತ್ವನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ‘ಯಾಕೆ ಕೈಬಿಟ್ಟೆ’ ಎಂದು ಕೂಗಿದ್ದೂ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲನ್ನೇ. ದೂರುವವನು ಇನ್ನೂ ದೇವರೊಡನೆಯೇ ಮಾತನಾಡುತ್ತಿದ್ದಾನೆ ಎಂಬುದನ್ನು ಗಮನಿಸಿ. (‘ಎಲ್ಲವೂ ದೇವರ ಚಿತ್ತ’ ಎಂದು ಬಾಗಿಲಲ್ಲೇ ಹೇಳಿ ಹೊರಟುಹೋಗುವ ನೆಂಟರಿಗೆ ಇದು ಹಿಡಿಸಲಿಕ್ಕಿಲ್ಲ.)

ಕೇರಳದ ಕುಂಬಳೆಯ ಹತ್ತಿರದವರೆಂದು ಬರೆದಿದ್ದೀರಿ. ಹಾಗಾದರೆ ಬೇಳದ ವ್ಯಾಕುಲ ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ಇಗರ್ಜಿ ನಿಮಗೆ ದೂರವೇನಲ್ಲ. ಮಗನ ನೋವನ್ನು ತಡೆಯಲಾರದೆ, ಆದರೆ ಬಿಟ್ಟುಹೋಗಲೂ ಒಪ್ಪದೆ ಶಿಲುಬೆಯ ಬುಡದಲ್ಲಿ ನಿಂತ ಆ ತಾಯಿಯ ಬಳಿ, ಬಾಯಿಗೆ ಜಪ ಬಾರದಿದ್ದರೂ ಸುಮ್ಮನೆ ಕುಳಿತು ಬರಬಹುದು. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಸಂತ ಪೌಲನು ಬೈಬಲಿನಲ್ಲಿರುವ ಪತ್ರದಲ್ಲಿ ರೋಮಾಪುರದವರಿಗೆ ಬರೆದದ್ದು ಇಂತಹ ಸ್ಥಿತಿಗೇ ಸಲ್ಲುತ್ತದೆ.

ಪಾದ್ರಿಗಳನ್ನು ಮನೆಗೆ ಕರೆಸಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ತೈಲಲೇಪನ ಸಂಸ್ಕಾರ ಮಾಡಿಸಿರಿ. ಅದು ಸಾಯುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಜೊತೆಗೆ ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್ ಮನೆಗೇ ಬರುವ ವ್ಯವಸ್ಥೆ ಕೇರಳದಲ್ಲಿದೆ. ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಲು ದಯವಿಟ್ಟು ತಡಮಾಡಬೇಡಿ.