ಪರೀಕ್ಷೆ ಬರೆದು ಹೈಕೋರ್ಟ್ ಜಡ್ಜ್ ಆಗಬಹುದಾ?

ತಂಗಿ ಈಗಷ್ಟೇ ಎಲ್‌ಎಲ್‌ಬಿ ಮುಗಿಸಿದ್ದಾಳೆ, ಹೈಕೋರ್ಟ್ ಜಡ್ಜ್ ಆಗುವ ಆಸೆ, ಯಾವ ಪರೀಕ್ಷೆ ಬರೆಯಬೇಕು, ಅರ್ಜಿ ಎಲ್ಲಿ ಹಾಕಬೇಕು ಅಂತ ಕೇಳಿದ್ದೀರಿ. ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ನೇರವಾಗಿ ಹೇಳಿಬಿಡುತ್ತೇನೆ: ಹೈಕೋರ್ಟಿಗೆ ಪರೀಕ್ಷೆಯೂ ಇಲ್ಲ, ಅರ್ಜಿಯೂ ಇಲ್ಲ. ಪರೀಕ್ಷೆ ಇರುವುದು ಕೆಳಗಿನ ಕೋರ್ಟುಗಳಿಗೆ. ಅಲ್ಲಿಂದ ಮೇಲೆ ಹೋಗಲು ದಾರಿ ಉಂಟು, ಆದರೆ ವಯಸ್ಸು ಕೈಕೊಡುತ್ತದೆ.

ಮೊದಲು ಪರೀಕ್ಷೆ ವಿಷಯ. ನಮ್ಮ ರಾಜ್ಯದಲ್ಲಿ ಸಿವಿಲ್ ಜಡ್ಜ್ ಪರೀಕ್ಷೆ ನಡೆಸುವುದು ಹೈಕೋರ್ಟೇ, ಕೆಪಿಎಸ್‌ಸಿ ಅಲ್ಲ. ನೇಮಕ ಮಾತ್ರ ರಾಜ್ಯಪಾಲರ ಹೆಸರಿನಲ್ಲಿ ಆಗುತ್ತದೆ. ಪ್ರಿಲಿಮ್ಸ್, ಮೇನ್ಸ್, ವೈವಾ. ಪ್ರಿಲಿಮ್ಸ್ ಅಂಕ ಮುಂದೆ ಲೆಕ್ಕಕ್ಕಿಲ್ಲ. ಮೇನ್ಸ್‌ನಲ್ಲಿ ತಲಾ 100 ಅಂಕದ 4 ಪತ್ರಿಕೆ. ಹುಡುಗರು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾನೂನು ಎಲ್ಲ ಉರು ಹೊಡೆದುಕೊಂಡು ಹೋಗುತ್ತಾರೆ, ಮುಗ್ಗರಿಸುವುದು ಬೇರೆ ಕಡೆ. ಒಂದು ಭಾಷಾಂತರದ ಪತ್ರಿಕೆ. ಸಾಕ್ಷಿಯ ಹೇಳಿಕೆ, ದಸ್ತಾವೇಜು, ತೀರ್ಪಿನ ತುಣುಕು ಕೊಟ್ಟು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಸುತ್ತಾರೆ. ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ), ಪೋಡಿ (ಜಮೀನು ಅಳೆದು ಪಾಲು ಬೇರ್ಪಡಿಸುವುದು), ಭೋಗ್ಯ (ಸಾಲಕ್ಕೆ ಆಸ್ತಿಯ ಅನುಭೋಗ ಬಿಟ್ಟುಕೊಡುವುದು), ಪಾಟೀಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಪ್ರಶ್ನೆ) ಇವೆಲ್ಲ ದೊಡ್ಡ ಲಾ ಕಾಲೇಜಿನ ಪಾಠದಲ್ಲಿ ಬರೋದಿಲ್ಲ. ತಾಲೂಕು ಕೋರ್ಟಿನಲ್ಲಿ ಎರಡು ಮೂರು ವರ್ಷ ಫೈಲು ಹಿಡಿದು ಓಡಾಡಿದವರಿಗೆ ಅದು ನೀರು ಕುಡಿದಷ್ಟು ಸುಲಭ. ಇನ್ನೊಂದು ತೀರ್ಪು ಬರೆಯುವ ಪತ್ರಿಕೆ. ವಾದಿ ಹೀಗೆ ಹೇಳುತ್ತಾನೆ, ಪ್ರತಿವಾದಿ ಹೀಗೆ, ಸಾಕ್ಷ್ಯ ಇಷ್ಟು, ಇಶ್ಯೂ ಫ್ರೇಮ್ ಮಾಡಿ, ಅಂದರೆ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಗುರುತಿಸಿ, ತೀರ್ಪು ಬರೆಯಿರಿ ಅಂತ. ಗೈಡ್ ಓದಿದರೆ ಬರುವ ವಿದ್ಯೆ ಅಲ್ಲ ಅದು.

ಅದಕ್ಕೇ 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ನನಗೆ ಸರಿ ಅನ್ನಿಸಿತು. ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಅಂತ ಅದು ಹೇಳಿತು. ಜೂನಿಯರ್‌ಗಳಿಗೆ ಸಂಬಳವೇ ಸರಿಯಾಗಿ ಸಿಗದ ಕಾಲದಲ್ಲಿ ಬಡ ಮನೆಯ ಮಕ್ಕಳಿಗೆ ಇದು ಹೊರೆ, ಅದನ್ನೂ ಒಪ್ಪುತ್ತೇನೆ.

ಈಗ ವಯಸ್ಸಿನ ಲೆಕ್ಕ ಹಾಕೋಣ. ತಂಗಿ 28ಕ್ಕೆ ಸಿವಿಲ್ ಜಡ್ಜ್ ಆದಳು ಅಂತಿಟ್ಟುಕೊಳ್ಳಿ. ಮುಂದೆ ಸೀನಿಯರ್ ಸಿವಿಲ್ ಜಡ್ಜ್, ಆಮೇಲೆ ಜಿಲ್ಲಾ ನ್ಯಾಯಾಧೀಶೆ. ಬರೀ ಸೀನಿಯಾರಿಟಿ ನಂಬಿ ಕೂತರೆ ಅಷ್ಟರಲ್ಲಿ ಕೂದಲು ಬೆಳ್ಳಗಾಗಿರುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ 62ಕ್ಕೆ. ಸರ್ವಿಸ್‌ನಿಂದ, ಅಂದರೆ ಕೆಳಗಿನ ಕೋರ್ಟಿನ ಜಡ್ಜ್ ಆಗಿದ್ದು, ಹೋಗುವ ಬಹುತೇಕರಿಗೆ ಅಲ್ಲಿ ಸಿಗುವುದು ನಾಲ್ಕಾರು ವರ್ಷ ಅಷ್ಟೇ. ಬಾರ್‌ನಿಂದ, ಅಂದರೆ ವಕೀಲಿಕೆಯಿಂದ, ನೇರವಾಗಿ ಹೋದವರ ಕಥೆ ಬೇರೆ. ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬೆಂಗಳೂರಿನಲ್ಲಿ ವಕೀಲರಾಗಿದ್ದವರು. 2008ರಲ್ಲಿ ಹೈಕೋರ್ಟಿಗೆ ಹೋದಾಗ ಅವರಿಗೆ 45. ಹಾಗಾಗಿ 2021ರಲ್ಲಿ ಸುಪ್ರೀಂ ಕೋರ್ಟ್ ಸೇರುವಾಗಲೂ ಕೈಯಲ್ಲಿ ವರ್ಷಗಳು ಉಳಿದಿದ್ದವು. ಹೈಕೋರ್ಟ್ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬಾರ್‌ಗೆ, ಒಂದು ಪಾಲು ಸರ್ವಿಸ್‌ಗೆ ಅನ್ನುವುದು ನಡೆದುಕೊಂಡು ಬಂದ ಪದ್ಧತಿ.

ಮಧ್ಯದಲ್ಲಿ ಒಂದು ಒಳದಾರಿ ಇದೆ. ಜಿಲ್ಲಾ ನ್ಯಾಯಾಧೀಶರ ಹುದ್ದೆಯಲ್ಲಿ ಶೇ 25ರಷ್ಟು ನೇರ ನೇಮಕಾತಿ. 7 ವರ್ಷ ವಕೀಲಿಕೆ ಆದವರು ಬರೆಯಬಹುದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸರ್ವಿಸ್‌ನಲ್ಲಿರುವ ಜಡ್ಜ್‌ಗಳಿಗೂ ಇದರ ಬಾಗಿಲು ತೆಗೆಯಿತು. ವಕೀಲಿಕೆ, ಜಡ್ಜ್‌ಗಿರಿ ಎರಡೂ ಸೇರಿ 7 ವರ್ಷ ಆಗಿ, 35 ತುಂಬಿದ್ದರೆ ಸಾಕು.

ಇನ್ನು ಹೈಕೋರ್ಟಿಗೆ ಹೆಸರು ಹೋಗುವುದು ಹೇಗೆ? ಕನಿಷ್ಠ 10 ವರ್ಷ ಹೈಕೋರ್ಟ್ ವಕೀಲರಾಗಿರಬೇಕು, ಇಲ್ಲವೇ ಅಷ್ಟೇ ವರ್ಷ ನ್ಯಾಯಾಂಗ ಹುದ್ದೆಯಲ್ಲಿರಬೇಕು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಕೂತು ಹೆಸರು ಆರಿಸುತ್ತಾರೆ. ರಾಜ್ಯ ಸರ್ಕಾರದ ಅಭಿಪ್ರಾಯ, ಗುಪ್ತಚರ ದಳದ ವರದಿ ಎಲ್ಲ ಸೇರಿ ಫೈಲು ಕೇಂದ್ರ ಕಾನೂನು ಸಚಿವಾಲಯದ ಮೂಲಕ ದೆಹಲಿಯ ಕೊಲಿಜಿಯಂ, ಅಂದರೆ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿ, ಮುಂದೆ ಬರುತ್ತದೆ. ಅಲ್ಲಿ ಸಿಜೆಐ (ಭಾರತದ ಮುಖ್ಯ ನ್ಯಾಯಮೂರ್ತಿ) ಮತ್ತು ಇನ್ನಿಬ್ಬರು ಹಿರಿಯರು. ಅವರು ಒಪ್ಪಿದರೆ ಮತ್ತೆ ಸರ್ಕಾರಕ್ಕೆ, ಕೊನೆಗೆ ರಾಷ್ಟ್ರಪತಿಗಳ ಸಹಿ. ಈ ಕೊಲಿಜಿಯಂ ಸಂವಿಧಾನದಲ್ಲಿ ಬರೆದದ್ದಲ್ಲ, 1993 ಮತ್ತು 1998ರಲ್ಲಿ ಸುಪ್ರೀಂ ಕೋರ್ಟೇ ಕಟ್ಟಿಕೊಂಡದ್ದು. ಬದಲಿಗೆ ನ್ಯಾಯಮೂರ್ತಿಗಳನ್ನು ಆರಿಸುವ ಒಂದು ಆಯೋಗ ತರಲು ಸಂಸತ್ತು ಸಂವಿಧಾನ ತಿದ್ದಿತು. 2015ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ಚೆಲಮೇಶ್ವರ್ ಒಬ್ಬರು ಇನ್ನೊಂದು ಕಡೆ ನಿಂತು, ಅದೂ ರದ್ದಾಯಿತು.

ಯಾರು ಆರಿಸಬೇಕು ಅನ್ನುವ ಜಗಳಕ್ಕಿಂತ, ಫೈಲು ಎಲ್ಲಿ ಕೊಳೆಯುತ್ತದೆ ಅನ್ನುವುದೇ ದೊಡ್ಡ ರೋಗ ಅಂತ ನನ್ನ ಅನಿಸಿಕೆ. ಕರ್ನಾಟಕದ ಹಿರಿಯ ವಕೀಲ ಆದಿತ್ಯ ಸೋಂಧಿ ಅವರದ್ದೇ ನೋಡಿ. 2021ರ ಫೆಬ್ರವರಿಯಲ್ಲಿ ಕೊಲಿಜಿಯಂ ಅವರ ಹೆಸರು ಕಳಿಸಿತು. ಸೆಪ್ಟೆಂಬರ್‌ನಲ್ಲಿ ಇವರೇ ಬೇಕು ಅಂತ ಮತ್ತೆ ಹೇಳಿತು. ಎರಡನೇ ಸಲ ಹೇಳಿದ ಮೇಲೆ ಮೂರು ನಾಲ್ಕು ವಾರದಲ್ಲಿ ನೇಮಿಸಬೇಕು ಅಂತ ಸುಪ್ರೀಂ ಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ಹೇಳಿತ್ತು. ಆದರೂ ಆದೇಶ ಬರಲೇ ಇಲ್ಲ. 2022ರ ಫೆಬ್ರವರಿಯಲ್ಲಿ ಅವರೇ ಒಪ್ಪಿಗೆ ವಾಪಸ್ ಪಡೆದರು. ಒಳ್ಳೆ ಪ್ರಾಕ್ಟೀಸ್ ಇರುವ ಯಾವ ವಕೀಲ ಇಷ್ಟು ದಿನ ಅತಂತ್ರವಾಗಿ ಕೂತಿರುತ್ತಾನೆ, ನೀವೇ ಹೇಳಿ.

ತಂಗಿ ಈಗ ಮಾಡಬೇಕಾದದ್ದು ಇಷ್ಟು. ಬೇಗ ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗಲಿ. 3 ವರ್ಷದ ಲೆಕ್ಕ ಪ್ರಾವಿಷನಲ್ (ತಾತ್ಕಾಲಿಕ) ಎನ್‌ರೋಲ್‌ಮೆಂಟ್ ದಿನದಿಂದಲೇ ಶುರು. ಅನುಭವಕ್ಕೆ 10 ವರ್ಷ ಪೂರೈಸಿದ ವಕೀಲರ ಸರ್ಟಿಫಿಕೇಟ್ ನಡೆಯುತ್ತದೆ, ಅದಕ್ಕೆ ಆ ಜಿಲ್ಲೆಯ ಅಥವಾ ಆ ಊರಿನ ಪ್ರಧಾನ ನ್ಯಾಯಾಧೀಶರ ಸಹಿ ಬೀಳಬೇಕು. ಹಾಗಾಗಿ ಸುಮ್ನೆ ಹೆಸರಿಗೊಂದು ಆಫೀಸು ಹಿಡಿಯದೆ, ದಿನಾ ಸಾಕ್ಷಿ ವಿಚಾರಣೆ ನಡೆಯುವ ಟ್ರಯಲ್ ಕೋರ್ಟಿನ ಸೀನಿಯರ್ ಹತ್ತಿರ ಸೇರಿಕೊಳ್ಳಲಿ. ಹೊಸ ನೋಟಿಫಿಕೇಶನ್ ಬಂದಾಗ ವಯಸ್ಸು, ಮೀಸಲಾತಿ ಷರತ್ತು ಹೈಕೋರ್ಟ್ ವೆಬ್‌ಸೈಟಿನಲ್ಲೇ ಓದಲಿ, ಕೋಚಿಂಗ್ ಸೆಂಟರ್ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.