ಕಸದಿಂದ ವಿದ್ಯುತ್: ಪರಿಸರಕ್ಕೆ ಲಾಭವೋ ಹಾನಿಯೋ?

ಪ್ರಶ್ನೆ: ಕಸವನ್ನು ಸುಟ್ಟು ವಿದ್ಯುತ್ ತಯಾರಿಸುವುದು ಪರಿಸರಸ್ನೇಹಿ ಎಂದು ಕೆಲವರೂ, ವಿಷಗಾಳಿಯ ಮೂಲವೆಂದು ಇನ್ನು ಕೆಲವರೂ ಹೇಳುತ್ತಾರೆ. ಯಾವುದು ಸರಿ?

ಉತ್ತರ: ಏನನ್ನು ಸುಡುತ್ತೇವೆ, ಹೇಗೆ ಸುಡುತ್ತೇವೆ ಮತ್ತು ಸುಡದಿದ್ದರೆ ಆ ಕಸ ಎಲ್ಲಿಗೆ ಹೋಗುತ್ತಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. ಕಸದ ಗುಂಡಿಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆಯುವ ಹಸಿಕಸ ಮೀಥೇನ್ ಅನಿಲವನ್ನು ಹೊರಸೂಸುತ್ತದೆ. 100 ವರ್ಷಗಳ ಅವಧಿಯಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂತಾಪಕ್ಕೆ ಕಾರಣವಾಗುತ್ತದೆ. ಈ ಅನಿಲವನ್ನು ಹಿಡಿದಿಡುವ ವ್ಯವಸ್ಥೆಯಿಲ್ಲದ ಗುಂಡಿಗೆ ಹೋಲಿಸಿದರೆ ದಹನ ಘಟಕ ವಾಸಿ. ಆದರೆ ಪ್ಲಾಸ್ಟಿಕ್ ಬಹುಪಾಲು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದಿಂದ ತಯಾರಾಗುವುದರಿಂದ, ಅದನ್ನು ಸುಡುವುದು ಪಳೆಯುಳಿಕೆ ಇಂಧನವನ್ನು ಸುಟ್ಟಂತೆಯೇ ಸರಿ; ಅಂತಹ ವಿದ್ಯುತ್ತನ್ನು ಪೂರ್ಣವಾಗಿ ನವೀಕರಿಸಬಹುದಾದ ಶಕ್ತಿಯೆಂದು ಕರೆಯುವುದು, ನನ್ನ ದೃಷ್ಟಿಯಲ್ಲಿ, ಜಾಣಲೆಕ್ಕವಷ್ಟೇ.

ವಿಷಗಾಳಿಯ ಆತಂಕಕ್ಕೆ ಮುಖ್ಯ ಕಾರಣ ಡಯಾಕ್ಸಿನ್‌ಗಳು, ಅಂದರೆ ಕಸ ಸುಡುವಾಗ ಹುಟ್ಟಬಹುದಾದ ಅತಿ ವಿಷಕಾರಿ ರಾಸಾಯನಿಕಗಳು. ಇವುಗಳನ್ನು ತಡೆಯಲು ಯುರೋಪಿಯನ್ ಒಕ್ಕೂಟದ ನಿಯಮಗಳು ದಹನದ ಅನಿಲವನ್ನು ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 2 ಸೆಕೆಂಡುಗಳವರೆಗೆ ಇರಿಸಬೇಕೆನ್ನುತ್ತವೆ. ಬಳಿಕ ಅದನ್ನು ಬೇಗನೆ ತಣಿಸಿ, ಸುಣ್ಣ ಹಾಗೂ ಸಕ್ರಿಯ ಇದ್ದಿಲನ್ನು ಬಳಸಿ ಶುದ್ಧೀಕರಿಸಿ, ಸೋಸುಚೀಲಗಳ ಮೂಲಕ ಹಾಯಿಸಲಾಗುತ್ತದೆ. ತೇವ ತುಂಬಿದ, ವಿಂಗಡಿಸದ ಕಸವನ್ನು ಸುರಿದಾಗ ಕುಲುಮೆಯ ಉಷ್ಣತೆ ಕುಸಿಯುತ್ತದೆ, ಮಾಲಿನ್ಯ ಹೆಚ್ಚುತ್ತದೆ. ಸೋಸುಚೀಲಗಳಲ್ಲಿ ಉಳಿಯುವ ಹಾರುಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳಿರುವುದರಿಂದ (ಹೊಗೆ ಶುದ್ಧವಾದಷ್ಟೂ ವಿಷ ಇಲ್ಲಿ ಸೇರುತ್ತದೆ) ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿ ವಿಲೇವಾರಿ ಮಾಡಬೇಕಾಗುತ್ತದೆ.

ಹಸಿಕಸಕ್ಕಾದರೆ ಕುಲುಮೆಗಿಂತ ಜೈವಿಕ ಅನಿಲ ಸ್ಥಾವರವೇ ಮೇಲು; ಅನಿಲದ ಜೊತೆಗೆ ಗೊಬ್ಬರವೂ ದೊರೆಯುತ್ತದೆ.