ಸಂಪಾದಕರ ಉತ್ತರ: ವಿಮಾನದೊಳಗಿನ ಎರಡು ಜಾಲಗಳು

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: ‘ಈಚೆಗೆ ದೆಹಲಿಗೆ ಹೋಗುವಾಗ ವಿಮಾನದಲ್ಲೇ ವೈಫೈ ಸಿಕ್ಕಿತು. ಸೀಟಿನಲ್ಲಿ ಕೂತವನು ಅದರ ಮೂಲಕ ಪೈಲಟ್‌ನ ಯಂತ್ರಗಳಿಗೆ ಕೈ ಹಾಕಬಹುದೆ? ಅನಧಿಕೃತ ಪ್ರವೇಶ ತಡೆಯುವ ಫೈರ್‌ವಾಲ್ ಇದೆ, ಹೆದರಬೇಡಿ ಎಂದು ಬೆಂಗಳೂರಿನ ಅಳಿಯಂದಿರು ನಗುತ್ತಾರೆ. ನಮ್ಮ ಹಾಸನದ ವಿಮಾನ ನಿಲ್ದಾಣಕ್ಕೆಂದಿರುವ ಬೂವನಹಳ್ಳಿಯಲ್ಲಿ ವಿಮಾನವೇ ಇಳಿಯದಿರುವಾಗ ನಮಗೇಕೆ ಈ ಚಿಂತೆ ಎನ್ನಿ.’

ಅಳಿಯಂದಿರ ಮಾತನ್ನು ತಳ್ಳಿಹಾಕುವಂತಿಲ್ಲ. ಸೀಟಿನಿಂದಲೇ ವಿಮಾನವನ್ನು ವಶಪಡಿಸಿಕೊಂಡ ಒಂದು ಪ್ರಕರಣವೂ ಇದುವರೆಗೆ ಸಾಬೀತಾಗಿಲ್ಲ. ಆದರೆ ನಿಮ್ಮ ಅನುಮಾನವೇ ನನಗೆ ಹೆಚ್ಚು ಇಷ್ಟವಾಯಿತು. ಬೋಯಿಂಗ್ 787ರ ವಿನ್ಯಾಸದಲ್ಲಿ ಪ್ರಯಾಣಿಕರ ಜಾಲಕ್ಕೂ ಹಾರಾಟಕ್ಕೆ ಬೇಕಾದ ಜಾಲಕ್ಕೂ ಸಂಪರ್ಕ ಏರ್ಪಡಬಹುದೆಂದು ಕಂಡ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, 2008ರಲ್ಲಿ ಆ ಮಾದರಿಗೆಂದೇ ವಿಶೇಷ ಷರತ್ತು ವಿಧಿಸಿತು. ಅಗತ್ಯ ಬಿದ್ದರೆ ಪ್ರಯಾಣಿಕರ ಸಂಪರ್ಕವನ್ನು ಕಡಿದುಹಾಕುವ ಉಪಾಯ ತಮ್ಮ ಕೈಯಲ್ಲೇ ಇರಬೇಕೆಂದು ಪೈಲಟ್‌ಗಳ ಸಂಘ ಆಗ ಕೇಳಿತ್ತು. ಆ ಬೇಡಿಕೆ ಷರತ್ತಿಗೆ ಸೇರಲಿಲ್ಲ. ಹಾರಿಸುವವರೇ ಕೇಳಿದ ಒಂದು ಸ್ವಿಚ್ಚನ್ನು ಕೊಡಿಸಲು ಏನು ಅಡ್ಡಿಯಿತ್ತೋ! ಫೈರ್‌ವಾಲ್ ಕೂಡ ಸಾಫ್ಟ್‌ವೇರೇ ಆದ್ದರಿಂದ ಅದನ್ನೂ ಭೇದಿಸಬಹುದೆಂದು ಪರಿಣತರು ಎಚ್ಚರಿಸಿದ್ದನ್ನು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2015ರ ವರದಿಯಲ್ಲಿ ದಾಖಲಿಸಿದೆ. ಗೇಟಿಗೆ ಬೀಗ ಜಡಿಯುವುದು ಬೇರೆ, ದಾರಿಯನ್ನೇ ಮಾಡದಿರುವುದು ಬೇರೆ. ಜಾಲಗಳನ್ನು ಬೆಸೆದರೆ ತಂತಿ, ತೂಕ, ಖರ್ಚು ಉಳಿಯುತ್ತದೆಂಬ ಲೆಕ್ಕ ನನಗೂ ಗೊತ್ತು. ಆದರೂ ಎರಡು ಜಾಲಗಳು ತಂತಿಯ ಮಟ್ಟದಲ್ಲೇ ಬೇರೆಯಾಗಿರಬೇಕೆಂಬ ನನ್ನ ಹಟ ಸಡಿಲವಾಗಿಲ್ಲ.

ಸಾಫ್ಟ್‌ವೇರ್ ಕೈಕೊಡಲು ಕಳ್ಳನೇ ನುಗ್ಗಬೇಕೆಂದಿಲ್ಲ ಎಂಬುದನ್ನೂ ಅಳಿಯಂದಿರಿಗೆ ಹೇಳಿ. ಅದೇ 787ರಲ್ಲಿ ಜನರೇಟರ್ ನಿಯಂತ್ರಣ ಘಟಕಗಳಿಗೆ 248 ದಿನ ಎಡೆಬಿಡದೆ ವಿದ್ಯುತ್ ಹರಿದರೆ ಒಳಗಿನ ಸಾಫ್ಟ್‌ವೇರಿನ ಎಣಿಕೆ ಮಿತಿ ಮೀರಿ, ಇಡೀ ವಿಮಾನದ ಎ.ಸಿ. (ಪರ್ಯಾಯ ಪ್ರವಾಹ) ವಿದ್ಯುತ್ತೇ ನಿಂತುಹೋಗಬಹುದೆಂದು 2015ರಲ್ಲಿ ತಿಳಿಯಿತು. ಅದಕ್ಕೆ ಆಗ ಸೂಚಿಸಿದ ಪರಿಹಾರವೆಂದರೆ, ಕಾಲಕಾಲಕ್ಕೆ ವಿದ್ಯುತ್ತನ್ನು ಆರಿಸಿ ಮತ್ತೆ ಹಾಕುವುದು!

‘ನಮಗೇಕೆ’ ಎಂದಿರಲ್ಲ, ಅದಕ್ಕೆ ಮಾತ್ರ ನನ್ನ ಆಕ್ಷೇಪವಿದೆ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಜಿಲ್ಲೆಯವರು ನೀವು. ವಿಮಾನಗಳಿಗೆ ಇಂಟರ್ನೆಟ್ ಒದಗಿಸುವುದನ್ನೂ ಉದ್ದೇಶವಾಗಿಟ್ಟುಕೊಂಡು 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-ಎನ್2 ಉಪಗ್ರಹದ ಹಿಡಿತ ಹಾಸನದಲ್ಲೇ ಇದೆ. ಇಷ್ಟು ಹತ್ತಿರವಿದ್ದೂ ಇಂಥ ಸಂಗತಿಗಳ ಚರ್ಚೆ ನಮ್ಮ ಭಾಷೆಯಲ್ಲಿ ನಡೆಯುವುದಿಲ್ಲ. ಕೇಳಿದವರ ಬಾಯನ್ನು ‘ಅದೆಲ್ಲ ಟೆಕ್ನಿಕಲ್’ ಎಂದು ಮುಚ್ಚಿಸುವುದು ಕಚೇರಿಗಳಿಗೂ ಕಂಪನಿಗಳಿಗೂ ರೂಢಿಯಾಗಿದೆ. ಅಮೆರಿಕದಲ್ಲಿ ಷರತ್ತಿನ ಕರಡನ್ನು ಮೊದಲು ಪ್ರಕಟಿಸಿ, ಬಂದ ಆಕ್ಷೇಪಗಳನ್ನೂ ಅವಕ್ಕೆ ಕೊಟ್ಟ ಸಮಾಧಾನವನ್ನೂ ಒಟ್ಟಿಗೆ ಅಚ್ಚು ಹಾಕಿದ್ದರಿಂದಲೇ ಆ ಪೈಲಟ್‌ಗಳ ಬೇಡಿಕೆ ಇಂದು ನನಗೆ ಓದಲು ಸಿಕ್ಕಿತು. ನೀವು ಹತ್ತು ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯನ್ನು ಕೇಳಿ: ಭಾರತದಲ್ಲಿ ನೋಂದಾಯಿಸಿದ ವಿಮಾನಗಳಲ್ಲಿ ಪ್ರಯಾಣಿಕರ ವೈಫೈಯನ್ನು ಆರಿಸುವ ಸ್ವಿಚ್ ಪೈಲಟ್ ಬಳಿ ಇರಬೇಕೆಂಬ ನಿಯಮವಿದೆಯೆ? ಬಂದ ಉತ್ತರವನ್ನು ನಮಗೆ ಕಳುಹಿಸಿ; ಒಂದಕ್ಷರವನ್ನೂ ಬಿಡದೆ ಪ್ರಕಟಿಸುತ್ತೇವೆ.